ಪಾರ್ಕಿನ್ಸನ್: ಮಾತ್ರೆಯ ಪರಿಣಾಮ ಬೇಗ ಇಳಿಯುತ್ತಿದೆ, ಮುಂದಿನ ಚಿಕಿತ್ಸೆ ಯಾವುದು, ಸಣ್ಣ ಊರಿನಲ್ಲಿ ಆಸರೆ ಎಲ್ಲಿಂದ?

ಪ್ರಶ್ನೆ: ತೋಟದಮನೆ (ತೀರ್ಥಹಳ್ಳಿ ಕಡೆ)

ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪಯ್ಯನಿಗೆ ಈಗ 67 ವರ್ಷ. ಜೀವನವಿಡೀ ಅಡಿಕೆ ತೋಟ ನೋಡಿಕೊಂಡು ಬಂದವರು. ಕೆಲವು ವರ್ಷಗಳ ಹಿಂದೆ ಬಲಗೈಯಲ್ಲಿ ನಡುಕ ಕಾಣಿಸಿತು, ಕೈಬರಹ ಸಣ್ಣದಾಗುತ್ತ ಹೋಯಿತು, ನಡೆಯುವಾಗ ಒಂದು ಕೈ ಬೀಸುವುದೇ ನಿಂತುಹೋಯಿತು. ಶಿವಮೊಗ್ಗದ ನರರೋಗ ತಜ್ಞರಿಗೆ ತೋರಿಸಿದಾಗ ಪಾರ್ಕಿನ್ಸನ್ ಎಂದು ತಿಳಿಯಿತು. ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಮಾತ್ರೆ ಆರಂಭಿಸಿದ ಮೇಲೆ ಅವರು ಮತ್ತೆ ತೋಟಕ್ಕೆ ಹೋಗಿಬರುವಷ್ಟು ಚೇತರಿಸಿಕೊಂಡಿದ್ದರು.

ಕಳೆದ ವರ್ಷದಿಂದ ಪರಿಸ್ಥಿತಿ ಬೇರೆಯಾಗಿದೆ. ಮಾತ್ರೆ ನುಂಗಿದ ಮೂರು ಗಂಟೆಯೊಳಗೆ ಅದರ ಬಲ ಇಳಿದು ಮೈಯೆಲ್ಲ ಬಿಗಿಯುತ್ತದೆ. ಹೊಸಿಲು ದಾಟಬೇಕೆಂದರೆ ಕಾಲು ನೆಲಕ್ಕೆ ಅಂಟಿಕೊಂಡವರಂತೆ ನಿಂತುಬಿಡುತ್ತಾರೆ. ಮಾತ್ರೆಯ ಪ್ರಭಾವ ಹೆಚ್ಚಿರುವ ಹೊತ್ತಿನಲ್ಲಿ ಕುತ್ತಿಗೆ, ಭುಜಗಳು ತಾವಾಗಿಯೇ ಓಲಾಡುತ್ತವೆ. ಧ್ವನಿ ಎಷ್ಟು ಕುಗ್ಗಿದೆಯೆಂದರೆ ಫೋನಿನಲ್ಲಿ ಅವರ ಮಾತು ಯಾರಿಗೂ ತಿಳಿಯುವುದಿಲ್ಲ. ನನಗೆ ಎಲ್ಲಕ್ಕಿಂತ ನೋವಿನ ಸಂಗತಿಯೆಂದರೆ, ಮದುವೆ, ಉಪನಯನ, ಸಹಕಾರ ಸಂಘದ ಸಭೆ ಎಲ್ಲವನ್ನೂ ಅವರು ಒಂದೊಂದಾಗಿ ಬಿಟ್ಟಿದ್ದಾರೆ.

ನೆಂಟರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಮೆದುಳಿಗೆ ತಂತಿ ಹಾಕುವ ಶಸ್ತ್ರಚಿಕಿತ್ಸೆ, ಕೊಯ್ಯದೆ ಮಾಡುವ ಅಲ್ಟ್ರಾಸೌಂಡ್ ಚಿಕಿತ್ಸೆ, ಸ್ಟೆಮ್ ಸೆಲ್ (ಬೇರೆ ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಚುಚ್ಚುಮದ್ದು, ನಸುಗುನ್ನಿ ಬೀಜದ ಪುಡಿ, ಹೀಗೆ. ಇವುಗಳಲ್ಲಿ ಯಾವುದು ನಿಜವಾಗಿ ರುಜುವಾತಾದದ್ದು, ಯಾವುದು ಅವರ ಸ್ಥಿತಿಗೆ ಹೊಂದುವಂಥದ್ದು ಎಂಬುದನ್ನು ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ. ಬೆಂಗಳೂರಿನಲ್ಲಿ ಇರುವಂಥ ರೋಗಿಗಳ ಗುಂಪುಗಳು ನಮ್ಮಂಥ ಊರಿನಲ್ಲಿ ಇಲ್ಲ. ಅಂಥ ಆಸರೆಯನ್ನು ಇಲ್ಲಿ ಹೇಗೆ ಕಟ್ಟಿಕೊಳ್ಳಬಹುದು ಎಂಬುದನ್ನೂ ತಿಳಿಸಿ.

ಉತ್ತರ 1: ನರವಿಭಾಗದ ವೈದ್ಯೆ (ಬೆಂಗಳೂರು)

ತೋಟದಮನೆಯವರೇ, ನೀವು ಬರೆದ ಲಕ್ಷಣಗಳು ಚಿಕಿತ್ಸೆ ಸೋತಿದೆ ಎಂಬುದರ ಗುರುತಲ್ಲ. ಮೊದಲ ವರ್ಷಗಳಲ್ಲಿ ಮೆದುಳಿನಲ್ಲಿ ಉಳಿದಿರುವ ನರಕೋಶಗಳು ಮಾತ್ರೆಯಿಂದ ಬಂದ ಡೋಪಮಿನ್ (ಚಲನೆಗೆ ಬೇಕಾದ ಮೆದುಳಿನ ರಾಸಾಯನಿಕ) ಅನ್ನು ಸಂಗ್ರಹಿಸಿಟ್ಟು ನಿಧಾನವಾಗಿ ಬಿಡುಗಡೆ ಮಾಡುತ್ತವೆ. ಆ ಕೋಶಗಳು ಕಡಿಮೆಯಾದಂತೆ ಸಂಗ್ರಹಿಸುವ ಶಕ್ತಿಯೂ ಕುಂದುತ್ತದೆ. ಆಗ ರಕ್ತದಲ್ಲಿ ಲೆವೊಡೋಪಾ ಏರಿದಂತೆ ದೇಹ ಓಲಾಡುತ್ತದೆ, ಇಳಿದಂತೆ ಬಿಗಿಯುತ್ತದೆ. ಈ ಏರಿಳಿತವನ್ನು ಸಮಗೊಳಿಸುವುದೇ ಇಂದಿನ ಬಹುಪಾಲು ಹೊಸ ಚಿಕಿತ್ಸೆಗಳ ಉದ್ದೇಶ.

ಮೊದಲ ಹೆಜ್ಜೆ ದುಬಾರಿಯಾದುದಲ್ಲ. ಒಟ್ಟು ಪ್ರಮಾಣವನ್ನು ಹೆಚ್ಚಿಸದೆ, ಅದನ್ನೇ ಸಣ್ಣ ಭಾಗಗಳಾಗಿ ಹೆಚ್ಚು ಸಲ ಕೊಡುವುದು, ಲೆವೊಡೋಪಾ ಬೇಗ ಕರಗಿಹೋಗದಂತೆ ತಡೆಯುವ ಎಂಟಕಪೋನ್ ಅಥವಾ ಮೆದುಳಿನಲ್ಲಿ ಡೋಪಮಿನ್ ಬೇಗ ಒಡೆಯದಂತೆ ತಡೆಯುವ ರಾಸಾಜಿಲಿನ್, ಸಫಿನಮೈಡ್ ಸೇರಿಸುವುದು, ಓಲಾಟಕ್ಕೆ ಅಮಾಂಟಡಿನ್ ಬಳಸುವುದು, ಇವೆಲ್ಲ ನಿಮ್ಮ ಶಿವಮೊಗ್ಗದ ವೈದ್ಯರೇ ಮಾಡಬಲ್ಲ ಬದಲಾವಣೆಗಳು. ಅವರ ಬಳಿ ಹೋಗುವ ಮುನ್ನ ಒಂದು ವಾರ, ಮಾತ್ರೆ ನುಂಗಿದ ಹೊತ್ತು, ಬಲ ಬಂದ ಹೊತ್ತು, ಇಳಿದ ಹೊತ್ತು, ಓಲಾಟ ಕಂಡ ಹೊತ್ತು, ಊಟದ ಹೊತ್ತು, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದಿಡಿ. ಯಾವ ಸ್ಕ್ಯಾನ್ ಕೂಡ ಹೇಳಲಾಗದ ವಿಷಯವನ್ನು ಆ ಹಾಳೆ ವೈದ್ಯರಿಗೆ ಹೇಳುತ್ತದೆ. ಡೋಪಮಿನ್‌ನಂತೆ ಕೆಲಸ ಮಾಡುವ ಪ್ರಾಮಿಪೆಕ್ಸೋಲ್, ರೋಪಿನಿರೋಲ್‌ನಂಥ ಔಷಧ ಸೇರಿಸಿದರೆ ಹಗಲು ನಿದ್ದೆ ಹೆಚ್ಚುತ್ತಿದೆಯೇ, ಹಣ ಖರ್ಚು ಮಾಡುವುದರಲ್ಲಿ ಅಥವಾ ಜೂಜಿನಲ್ಲಿ ಹಿಂದೆಂದೂ ಇಲ್ಲದ ಹಟ ಕಾಣುತ್ತಿದೆಯೇ ಎಂದು ಮನೆಯವರು ಗಮನಿಸಬೇಕು. ಕೆಲವರಲ್ಲಿ ಇದು ಔಷಧದಿಂದಲೇ ಬರುತ್ತದೆ, ಆದರೆ ರೋಗಿಗಳು ನಾಚಿಕೆಯಿಂದ ಹೇಳುವುದಿಲ್ಲ.

ಮೆದುಳಿನ ಆಳಕ್ಕೆ ವಿದ್ಯುತ್ ಪ್ರಚೋದನೆ ಕೊಡುವ ಶಸ್ತ್ರಚಿಕಿತ್ಸೆಯನ್ನು ಎಲ್ಲರೂ ಡಿಬಿಎಸ್ ಎನ್ನುತ್ತಾರೆ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲೀಮ್ ಲೂಯಿ ಬೆನಾಬಿದ್ ಮತ್ತು ಅವರ ಸಹೋದ್ಯೋಗಿಗಳು 1987ರಲ್ಲಿ ನಡುಕಕ್ಕಾಗಿ ಆರಂಭಿಸಿದ ಈ ವಿಧಾನ ಈಗ ಹೊಸದೂ ಅಲ್ಲ, ಪ್ರಯೋಗದ ಹಂತದಲ್ಲಿಯೂ ಇಲ್ಲ. ನಿಮ್ಹಾನ್ಸ್‌ನಲ್ಲಿಯೂ ಇದು ನಡೆಯುತ್ತದೆ. ತೆಳುವಾದ ತಂತಿಗಳನ್ನು ಮೆದುಳಿನೊಳಗಿನ ನಿರ್ದಿಷ್ಟ ಬಿಂದುವಿಗೆ ತಲುಪಿಸಿ, ಕೊರಳೆಲುಬಿನ ಕೆಳಗೆ ಚರ್ಮದಡಿ ಬ್ಯಾಟರಿ ಇಡುತ್ತಾರೆ. ಜರ್ಮನಿ ಮತ್ತು ಫ್ರಾನ್ಸಿನ 251 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ, ಏರಿಳಿತಗಳು ಆರಂಭವಾದ ಹಂತದಲ್ಲಿಯೇ ಮಾಡಿದ ಡಿಬಿಎಸ್, ಔಷಧ ಮಾತ್ರ ಪಡೆದವರಿಗಿಂತ ಉತ್ತಮ ಜೀವನ ಗುಣಮಟ್ಟ ಕೊಟ್ಟಿತು ಎಂದು ತೋರಿಸಿತು. ಆದರೆ ಅವರೆಲ್ಲ ನಿಮ್ಮ ತಂದೆಯವರಿಗಿಂತ ಚಿಕ್ಕ ವಯಸ್ಸಿನವರು, ಆದ್ದರಿಂದ ಅದರ ಫಲಿತಾಂಶವನ್ನು ಅವರಿಗೆ ನೇರವಾಗಿ ಅನ್ವಯಿಸಲಾಗದು.

ಯಾರಿಗೆ ಫಲ ಕೊಡುತ್ತದೆ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ರಾತ್ರಿಯ ಮಾತ್ರೆಯ ನಂತರ ಬೆಳಗಿನವರೆಗೂ ಔಷಧ ಕೊಡದೆ ಚಲನೆಯನ್ನು ಅಳೆದು, ಬಳಿಕ ಮಾತ್ರೆ ಕೊಟ್ಟು ಮತ್ತೆ ಅಳೆಯುತ್ತಾರೆ. ನಡುಕವೊಂದನ್ನು ಬಿಟ್ಟರೆ, ಲೆವೊಡೋಪಾದಿಂದ ಸುಧಾರಿಸದ ಲಕ್ಷಣ ಡಿಬಿಎಸ್‌ನಿಂದಲೂ ಸಾಮಾನ್ಯವಾಗಿ ಸುಧಾರಿಸುವುದಿಲ್ಲ. ಕುಗ್ಗಿದ ಧ್ವನಿ, ಸಮತೋಲನದ ಕೊರತೆ, ಮರೆವು, ಇವುಗಳಿಗೆ ಅದರಿಂದ ಪರಿಹಾರ ಸಿಗುತ್ತದೆಂದು ನಿರೀಕ್ಷಿಸಬೇಡಿ. ಮಾತು ಇನ್ನಷ್ಟು ಕೆಡುವುದೂ ಉಂಟು. ನಿಮ್ಮ ತಂದೆಯವರ ಕಾಲು ಅಂಟಿಕೊಳ್ಳುವುದು ಮಾತ್ರೆಯ ಬಲ ಇಳಿದಾಗ ಮಾತ್ರವೇ, ಅಥವಾ ಬಲವಿರುವಾಗಲೂ ಬರುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಬಹಳ ಮುಖ್ಯ. ಮೆದುಳಿನ ಸಂಕೇತವನ್ನು ತಾನೇ ಓದಿಕೊಂಡು ಪ್ರಚೋದನೆಯನ್ನು ಹೆಚ್ಚು ಕಡಿಮೆ ಮಾಡುವ ಹೊಸ ಬಗೆಯ ಡಿಬಿಎಸ್‌ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2025ರ ಫೆಬ್ರವರಿಯಲ್ಲಿ ಅನುಮತಿ ಕೊಟ್ಟಿತು. ಅದು ಮಹತ್ವದ ಮುನ್ನಡೆಯೇ ಸರಿ, ಆದರೆ ಯಾರಿಗೆ ಶಸ್ತ್ರಚಿಕಿತ್ಸೆ ಹೊಂದುತ್ತದೆ ಎಂಬ ಮೂಲ ನಿಯಮ ಅದರಿಂದ ಬದಲಾಗಿಲ್ಲ.

ಎಂಆರ್‌ಐ ನೆರವಿನಿಂದ ಅಲ್ಟ್ರಾಸೌಂಡ್ ಅಲೆಗಳನ್ನು ಒಂದೇ ಬಿಂದುವಿಗೆ ಕೇಂದ್ರೀಕರಿಸಿ ಅಲ್ಲಿನ ಕೋಶಗಳನ್ನು ಸುಡುವ ವಿಧಾನಕ್ಕೆ ನಡುಕ ಪ್ರಧಾನವಾದ ಪಾರ್ಕಿನ್ಸನ್‌ಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಭಾರತದಲ್ಲಿಯೂ ಕೆಲವೇ ಕೇಂದ್ರಗಳಲ್ಲಿ ಇದು ಲಭ್ಯವಿದೆ. ತಲೆ ಕೊಯ್ಯಬೇಕಿಲ್ಲ ಎಂಬುದು ನಿಜ, ಆದರೆ ಸುಟ್ಟ ಭಾಗ ಮರಳಿ ಬರುವುದಿಲ್ಲ. ಡಿಬಿಎಸ್‌ನಲ್ಲಿ ಪ್ರಚೋದನೆಯನ್ನು ಮತ್ತೆ ಮತ್ತೆ ಹೊಂದಿಸಬಹುದು, ಇಲ್ಲಿ ಸಾಧ್ಯವಿಲ್ಲ. ಶಸ್ತ್ರಚಿಕಿತ್ಸೆ ಬೇಡವೆನ್ನುವವರಿಗೆ ಅಪೋಮಾರ್ಫಿನ್ ಪೆನ್ ಮತ್ತು ಪಂಪ್ ನಮ್ಮ ದೇಶದಲ್ಲಿ ದೊರೆಯುತ್ತವೆ. ಪಂಪ್‌ನಲ್ಲಿ ಚರ್ಮದಡಿ ಸಣ್ಣ ಸೂಜಿಯ ಮೂಲಕ ಔಷಧ ನಿರಂತರವಾಗಿ ಹೋಗುವುದರಿಂದ ಏರಿಳಿತ ತಗ್ಗುತ್ತದೆ. ಲೆವೊಡೋಪಾವನ್ನೇ ಇಡೀ ದಿನ ಹೀಗೆ ಕೊಡುವ ಪಂಪ್‌ಗೆ 2024ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ.

ಸ್ಟೆಮ್ ಸೆಲ್ ವಿಷಯದಲ್ಲಿ ಮಾತ್ರ ದಯವಿಟ್ಟು ಎಚ್ಚರದಿಂದಿರಿ. 2025ರ ಏಪ್ರಿಲ್‌ನಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ನಿಜವಾಗಿಯೂ ಭರವಸೆ ಮೂಡಿಸುವಂಥವು: ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಏಳು ಮಂದಿಗೆ, ಅಮೆರಿಕ ಮತ್ತು ಕೆನಡಾದಲ್ಲಿ ಹನ್ನೆರಡು ಮಂದಿಗೆ ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳನ್ನು ಮೆದುಳಿನೊಳಗೆ ಕಸಿ ಮಾಡಲಾಯಿತು, ಕೋಶಗಳು ಬದುಕಿ ಡೋಪಮಿನ್ ತಯಾರಿಸಿದ ಕುರುಹುಗಳು ಕಂಡವು, ಆ ಕೋಶಗಳಿಂದ ಗಂಭೀರ ಅಪಾಯ ಕಾಣಲಿಲ್ಲ. ಇವು ಸುರಕ್ಷತೆಯನ್ನು ಪರೀಕ್ಷಿಸಿದ ಆರಂಭಿಕ ಹಂತದ ಪ್ರಯೋಗಗಳು. ಇವುಗಳ ಹೆಸರು ಹೇಳಿಕೊಂಡು ರಕ್ತನಾಳಕ್ಕೋ ಬೆನ್ನುಹುರಿಗೋ ಚುಚ್ಚುಮದ್ದು ಕೊಟ್ಟು ಲಕ್ಷಗಟ್ಟಲೆ ಹಣ ಪಡೆಯುವುದಕ್ಕೂ ಆ ಸಂಶೋಧನೆಗೂ ಯಾವ ಸಂಬಂಧವೂ ಇಲ್ಲ. ಅನುಮೋದಿತ ಪ್ರಯೋಗದ ಹೊರಗೆ ಇಂಥ ಚಿಕಿತ್ಸೆ ಕೊಡುವುದು ನೀತಿಬಾಹಿರ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯ ಸುಳಿವು ಕೊಟ್ಟದ್ದೆಲ್ಲ ಕೊನೆಯವರೆಗೂ ನಿಲ್ಲುವುದಿಲ್ಲ: ಮಧುಮೇಹದ ಔಷಧವಾದ ಎಕ್ಸೆನಟೈಡ್ ರೋಗದ ಗತಿಯನ್ನೇ ನಿಧಾನಗೊಳಿಸಬಹುದೆಂದು ಸಣ್ಣ ಪ್ರಯೋಗದಲ್ಲಿ ಕಂಡಿತ್ತು, 194 ಮಂದಿಯ ದೊಡ್ಡ ಪ್ರಯೋಗದಲ್ಲಿ ಅದು ಸಾಬೀತಾಗಲಿಲ್ಲ. ಕಾಯಿಲೆಯ ಗತಿಯನ್ನು ತಡೆಯುತ್ತದೆಂದು ಖಚಿತವಾಗಿ ರುಜುವಾತಾದ ಔಷಧ ಇಂದಿಗೂ ಇಲ್ಲ.

ನಸುಗುನ್ನಿಯ ಬೀಜದಲ್ಲಿ ಲೆವೊಡೋಪಾ ನಿಜವಾಗಿಯೂ ಇದೆ. ಆ ಕಾರಣಕ್ಕಾಗಿಯೇ ಅದನ್ನು ಹಗುರವಾಗಿ ನೋಡಬಾರದು. ಯಾವ ಪುಡಿಯಲ್ಲಿ ಎಷ್ಟಿದೆ ಎಂಬುದು ಒಂದೇ ರೀತಿ ಇರುವುದಿಲ್ಲ, ಮಾತ್ರೆಯ ಜೊತೆಗೆ ಸೇರಿಸಿದರೆ ಈಗಿರುವ ಓಲಾಟ ಹೆಚ್ಚಬಹುದು. ವೈದ್ಯರಿಗೆ ತಿಳಿಸದೆ ಆರಂಭಿಸಬೇಡಿ.

ಇನ್ನೊಂದು ವಿಷಯವನ್ನು ನೀವು ಕೇಳದಿದ್ದರೂ ಹೇಳಲೇಬೇಕು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಪ್ರೊಕ್ಲೋರ್‌ಪೆರಜಿನ್, ಸಿನ್ನರಿಜಿನ್, ಫ್ಲುನರಿಜಿನ್, ಗ್ಯಾಸ್ ಟ್ರಬಲ್‌ಗೆಂದು ಇತರ ಔಷಧದ ಜೊತೆ ಒಂದೇ ಕ್ಯಾಪ್ಸೂಲ್‌ನಲ್ಲಿ ಬರುವ ಲೆವೊಸಲ್ಪಿರೈಡ್, ಇವು ಡೋಪಮಿನ್‌ನ ಕೆಲಸಕ್ಕೆ ಅಡ್ಡಿಮಾಡಿ ಕಾಯಿಲೆಯನ್ನು ಉಲ್ಬಣಗೊಳಿಸುತ್ತವೆ. ಈ ಹೆಸರುಗಳನ್ನು ಬರೆದು ತಂದೆಯವರ ಕಿಸೆಯಲ್ಲಿ ಇಡಿ, ಔಷಧ ಅಂಗಡಿಯಲ್ಲಿ ಮಾತ್ರೆ ಕೊಳ್ಳುವಾಗಲೂ ತೋರಿಸಿ.

ಉತ್ತರ 2: ನಿವೃತ್ತ ಉಪನ್ಯಾಸಕ (ಧಾರವಾಡ)

ತಂಗೀ, ನಾನೂ ಈ ಕಾಯಿಲೆಯೊಂದಿಗೆ ಬದುಕುತ್ತಿರುವವನು. ಮೇಲಿನ ಡಾಕ್ಟರರು ಔಷಧದ ವಿಷಯವನ್ನು ಬಹಳ ಸ್ಪಷ್ಟವಾಗಿ ಬರೆದಿದ್ದಾರೆ. ನನಗೆ ಹೇಳಬೇಕೆನಿಸಿದ್ದು ವ್ಯಾಯಾಮದ ಬಗ್ಗೆ, ಏಕೆಂದರೆ ನಮ್ಮಲ್ಲಿ ರೋಗಿಗೆ ವಿಶ್ರಾಂತಿ ಕೊಡುವುದೇ ಪ್ರೀತಿ ಎಂಬ ನಂಬಿಕೆ ಬಲವಾಗಿದೆ. ಈ ಕಾಯಿಲೆಯಲ್ಲಿ ಕುರ್ಚಿಯಲ್ಲಿ ಕೂಡಿಸಿಡುವುದು ಹಾನಿಕರ.

ಅಮೆರಿಕದಲ್ಲಿ 128 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಸ್ಪಾರ್ಕ್ಸ್ ಎಂಬ ಅಧ್ಯಯನದಲ್ಲಿ, ಇನ್ನೂ ಔಷಧ ಆರಂಭಿಸದ ರೋಗಿಗಳ ಒಂದು ಗುಂಪಿನವರು ವಾರಕ್ಕೆ ಮೂರು ನಾಲ್ಕು ದಿನ ಟ್ರೆಡ್‌ಮಿಲ್ ಮೇಲೆ, ಹೃದಯದ ಬಡಿತ ಗರಿಷ್ಠ ಮಿತಿಯ ಶೇಕಡಾ 80ರಿಂದ 85 ತಲುಪುವಷ್ಟು ಬಿರುಸಾಗಿ ನಡೆದರು. ಆರು ತಿಂಗಳ ನಂತರ ಅವರ ಚಲನೆಯ ಅಂಕ ಹೆಚ್ಚುಕಡಿಮೆ ಅಲ್ಲೇ ನಿಂತಿತ್ತು. ಈ ವ್ಯಾಯಾಮವಿಲ್ಲದೆ ಮೊದಲಿನಂತೆಯೇ ಇದ್ದವರ ಚಲನೆ ಹದಗೆಟ್ಟಿತ್ತು. ನಿಮ್ಮ ತಂದೆಯವರು ಈಗ ಅಷ್ಟು ಬಿರುಸಾಗಿ ನಡೆಯಬೇಕು ಎಂದು ನಾನು ಹೇಳುತ್ತಿಲ್ಲ, ಹೃದಯದ ತಪಾಸಣೆಯಾಗದೆ ಅದು ಕೂಡದು. ಆದರೆ ಮಾತ್ರೆಯ ಬಲವಿರುವ ಹೊತ್ತಿನಲ್ಲಿ, ತೋಟದ ಇಳಿಜಾರನ್ನು ಬಿಟ್ಟು ಸಮತಟ್ಟಾದ ಅಂಗಳದಲ್ಲಿ, ಕೈ ಅಗಲವಾಗಿ ಬೀಸಿ, ಹೆಜ್ಜೆ ದೊಡ್ಡದಾಗಿ ಹಾಕಿ ಪ್ರತಿದಿನ ಸ್ವಲ್ಪ ಉಸಿರು ಏರುವಷ್ಟು ನಡೆಯಲಿ.

ಹೊಸಿಲಲ್ಲಿ ಕಾಲು ನಿಂತಾಗ ಯಾರೂ ಕೈ ಹಿಡಿದು ಎಳೆಯಬಾರದು. ಎಳೆದರೆ ಮೈ ಮುಂದೆ ಹೋಗುತ್ತದೆ, ಪಾದ ಅಲ್ಲೇ ಇರುತ್ತದೆ, ಬೀಳುತ್ತಾರೆ. ನಿಂತು, ಉಸಿರೆಳೆದುಕೊಂಡು, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ವರ್ಗಾಯಿಸಿ, ಒಂದು ಎರಡು ಎಂದು ಎಣಿಸಿ ಹೆಜ್ಜೆ ಎತ್ತಬೇಕು. ಬಾಗಿಲಿನ ಮುಂದೆ ನೆಲದ ಮೇಲೆ ಬಣ್ಣದ ಟೇಪಿನಿಂದ ಹೆಜ್ಜೆಯಷ್ಟು ಅಂತರದಲ್ಲಿ ಅಡ್ಡಗೆರೆಗಳನ್ನು ಅಂಟಿಸಿದರೆ, ಗೆರೆ ದಾಟುವ ಯತ್ನದಲ್ಲಿ ಕಾಲು ಬಿಡುತ್ತದೆ. ತಾಳಕ್ಕೆ ಹೆಜ್ಜೆ ಹಾಕುವುದೂ ಹಾಗೆಯೇ: ತಾನಾಗಿ ನಡೆಯುವ ಶಕ್ತಿ ಮೆದುಳಿನಲ್ಲಿ ಕುಂದಿದಾಗ, ಹೊರಗಿನಿಂದ ಬರುವ ಲಯ ಅದಕ್ಕೆ ಬೇರೊಂದು ದಾರಿ ತೋರಿಸುತ್ತದೆ. ನಿಮ್ಮ ಕಡೆ ಭಜನೆಗೂ ಯಕ್ಷಗಾನದ ಚಂಡೆ ಮದ್ದಳೆಗೂ ಬರವಿಲ್ಲ. ಅಪ್ಪಯ್ಯನವರಿಗೆ ಪರಿಚಿತವಾದ ತಾಳವನ್ನೇ ಮೊಬೈಲಿನಲ್ಲಿ ಹಾಕಿ ನಡೆಸಿ ನೋಡಿ.

ಧ್ವನಿಗೆ ಎಲ್‌ಎಸ್‌ವಿಟಿ ಲೌಡ್ ಎಂಬ ತರಬೇತಿ ಇದೆ. ನಾಲ್ಕು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೊಂದು ಗಂಟೆ. ಅದರ ತಿರುಳು ಗಟ್ಟಿಯಾಗಿ ಮಾತನಾಡುವುದೊಂದೇ. ನಮಗೆ ನಮ್ಮ ಧ್ವನಿ ಸರಿಯಾಗಿಯೇ ಕೇಳಿಸುತ್ತಿರುತ್ತದೆ, ಎದುರಿನವರಿಗೆ ಪಿಸುಮಾತಾಗಿ ತಲುಪುತ್ತದೆ. ನಾವು ಕೂಗಿದಂತೆ ಅನಿಸುವ ಮಟ್ಟವೇ ಕೇಳುವವರಿಗೆ ಸಹಜವಾದ ಮಟ್ಟ ಎಂಬುದನ್ನು ಅಭ್ಯಾಸದಿಂದ ಒಪ್ಪಿಸಿಕೊಳ್ಳಬೇಕು. ವಾಕ್ ಚಿಕಿತ್ಸಕರ ಮಾರ್ಗದರ್ಶನ ಒಮ್ಮೆ ಸಿಕ್ಕರೆ, ದಿನವೂ ಮನೆಯಲ್ಲಿ ಪತ್ರಿಕೆಯನ್ನು ಜೋರಾಗಿ ಓದುವುದನ್ನು ಮುಂದುವರಿಸಬಹುದು.

ಇನ್ನು ಗುಂಪಿನ ವಿಚಾರ. ಮುಂಬಯಿಯಲ್ಲಿ ಆರಂಭವಾದ ಪಾರ್ಕಿನ್ಸನ್ಸ್ ಡಿಸೀಸ್ ಅಂಡ್ ಮೂವ್‌ಮೆಂಟ್ ಡಿಸಾರ್ಡರ್ ಸೊಸೈಟಿ ಹಲವು ಊರುಗಳಲ್ಲಿ ಗುಂಪುಗಳನ್ನು ನಡೆಸುತ್ತದೆ. ಪುಣೆಯಲ್ಲಿ ರೋಗಿಗಳು ಮತ್ತು ಮನೆಯವರು ಸೇರಿ ಕಟ್ಟಿದ ಪಾರ್ಕಿನ್ಸನ್ಸ್ ಮಿತ್ರಮಂಡಳವಿದೆ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ನೃತ್ಯ ತಂಡ 2001ರಲ್ಲಿ ರೋಗಿಗಳಿಗಾಗಿ ಆರಂಭಿಸಿದ ನೃತ್ಯ ತರಗತಿ ಇಂದು ಅನೇಕ ದೇಶಗಳಿಗೆ ಹರಡಿದೆ. ಇವೆಲ್ಲವೂ ಶುರುವಾದದ್ದು ಕೆಲವೇ ಜನರಿಂದ. ನಮ್ಮಲ್ಲಿಯೂ ಆರಂಭದಲ್ಲಿ ನಾವು ಬೆರಳೆಣಿಕೆಯಷ್ಟು ಜನ ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಫಿಸಿಯೋಥೆರಪಿಸ್ಟ್ ಒಬ್ಬರು ವ್ಯಾಯಾಮ ಹೇಳಿಕೊಟ್ಟು ಹೋಗುತ್ತಿದ್ದರು, ಮುಂದಿನ ಹೊತ್ತನ್ನು ನಾವು ಮಾತಿಗೆ ಬಳಸುತ್ತಿದ್ದೆವು. ಕೈ ನಡುಗಿ ಚಹಾ ಚೆಲ್ಲಿದರೆ ಅಲ್ಲಿ ಯಾರೂ ತಿರುಗಿ ನೋಡುತ್ತಿರಲಿಲ್ಲ. ನಿಮ್ಮ ತಂದೆಯವರು ಸಭೆಗಳನ್ನು ಬಿಟ್ಟದ್ದು ಕಾಲಿನ ತೊಂದರೆಗಿಂತ ಹೆಚ್ಚಾಗಿ ಆ ನೋಟಗಳಿಗೆ ಅಂಜಿ ಎಂದು ನನಗೆ ಬಲವಾಗಿ ಅನಿಸುತ್ತದೆ. ಶಿವಮೊಗ್ಗದ ನಿಮ್ಮ ವೈದ್ಯರ ಬಳಿ ಇದೇ ಕಾಯಿಲೆಯ ಇತರರೂ ಬರುತ್ತಿರುತ್ತಾರೆ. ನಿಮ್ಮ ಫೋನ್ ಸಂಖ್ಯೆಯನ್ನು ಅವರಿಗೆ ಕೊಡುವಂತೆ ವೈದ್ಯರನ್ನು ಕೇಳಿ. ಇಷ್ಟವಿದ್ದವರು ತಾವಾಗಿ ಕರೆ ಮಾಡುತ್ತಾರೆ.

ಮರುಪ್ರಶ್ನೆ: ತೋಟದಮನೆ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಹಾಳೆಯಲ್ಲಿ ಹೊತ್ತು ಬರೆಯಲು ಇಂದಿನಿಂದಲೇ ಆರಂಭಿಸಿದ್ದೇನೆ. ಆಹಾರದ ಬಗ್ಗೆ ಒಂದು ಸಂದೇಹ. ಅಪ್ಪಯ್ಯ ಮಧ್ಯಾಹ್ನದ ಊಟದ ಜೊತೆಗೇ ಮಾತ್ರೆ ತೆಗೆದುಕೊಳ್ಳುತ್ತಾರೆ, ಆ ಮಾತ್ರೆಯೇ ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡುತ್ತದೆ. ಇವೆರಡಕ್ಕೂ ಸಂಬಂಧವಿರಬಹುದೇ? ಮತ್ತೊಂದು ಮಾತು: ಅಮ್ಮ ಬಹಳ ಬಳಲಿದ್ದಾರೆ. ರಾತ್ರಿ ಅಪ್ಪಯ್ಯ ನಿದ್ದೆಯಲ್ಲಿ ಕೂಗುವುದು, ಕೈಕಾಲು ಬಡಿಯುವುದು ಇದೆ. ಅಮ್ಮನ ಬಗ್ಗೆ ಯಾರ ಬಳಿ ಕೇಳಬೇಕೆಂದೇ ನನಗೆ ತಿಳಿಯುತ್ತಿಲ್ಲ.

ಉತ್ತರ 3: ಮನೆಯಾಕೆ (ಮೈಸೂರು)

ನನ್ನ ಯಜಮಾನರಿಗೆ ಪಾರ್ಕಿನ್ಸನ್ ಇದೆ, ಅವರ ಆರೈಕೆ ನನ್ನದು. ಊಟಕ್ಕೂ ಮಾತ್ರೆಗೂ ಖಂಡಿತ ಸಂಬಂಧವಿದೆ. ಪ್ರೋಟೀನ್ ಜೀರ್ಣವಾದಾಗ ಸಿಗುವ ಅಮೈನೋ ಆಮ್ಲಗಳೂ ಲೆವೊಡೋಪಾವೂ ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮೆದುಳಿಗೆ ಒಂದೇ ಬಾಗಿಲಿನಿಂದ ಹೋಗಬೇಕು. ಕಾಳಿನ ಸಾರು, ಮೀನು, ಮೊಸರು ಉಂಡ ಹೊತ್ತಿನಲ್ಲಿ ಮಾತ್ರೆ ಹಿಂದೆ ಉಳಿಯುತ್ತದೆ. ಊಟಕ್ಕೆ ಅರ್ಧ ಗಂಟೆ ಮೊದಲು ಅಥವಾ ಊಟವಾಗಿ ಕನಿಷ್ಠ ಒಂದು ಗಂಟೆಯ ನಂತರ, ನೀರಿನೊಂದಿಗೆ ಕೊಡಿ, ಹಾಲಿನೊಂದಿಗೆ ಬೇಡ. ನಮ್ಮ ವೈದ್ಯರು ಹಗಲಿನಲ್ಲಿ ಗಂಜಿ, ಅನ್ನ, ತರಕಾರಿ ಇಟ್ಟುಕೊಂಡು ಬೇಳೆಕಾಳು, ಮೊಟ್ಟೆ, ಮೊಸರನ್ನು ರಾತ್ರಿಯ ಊಟಕ್ಕೆ ಸರಿಸಲು ಹೇಳಿದರು. ಪ್ರೋಟೀನ್ ಅನ್ನು ಪೂರ್ತಿ ಬಿಡಿಸಬೇಡಿ, ತೂಕ ಇಳಿದು ಮೈ ಸೋಲುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನೂ ಇದರ ಜೊತೆ ಕೊಡಬಾರದು. ಮಲಬದ್ಧತೆಯಿದ್ದರೆ ಅದನ್ನು ಮೊದಲು ಸರಿಪಡಿಸಿ, ಇಲ್ಲವಾದರೆ ಮಾತ್ರೆ ರಕ್ತಕ್ಕೆ ಸೇರುವುದೇ ತಡವಾಗುತ್ತದೆ.

ಅಮ್ಮನವರ ವಿಷಯ ಓದಿ ಬಹಳ ಸಂಕಟವಾಯಿತು. ನಿದ್ದೆಯಲ್ಲಿ ಕೂಗುವುದು, ಬಡಿಯುವುದು ಈ ಕಾಯಿಲೆಯದೇ ಭಾಗ. ಕನಸು ಕಾಣುವಾಗ ಸಡಿಲವಾಗಬೇಕಾದ ಸ್ನಾಯುಗಳು ಸಡಿಲವಾಗದಿರುವುದರಿಂದ ಹಾಗಾಗುತ್ತದೆ. ವೈದ್ಯರಿಗೆ ಹೇಳಿದರೆ ಅದಕ್ಕೂ ಔಷಧವಿದೆ. ಅಲ್ಲಿಯವರೆಗೆ ಅಮ್ಮ ಪಕ್ಕದ ಹಾಸಿಗೆಯಲ್ಲಿ ಮಲಗಲಿ, ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ವಾರದಲ್ಲಿ ಒಂದು ಪೂರ್ತಿ ಮಧ್ಯಾಹ್ನವನ್ನಾದರೂ ಬೇರೊಬ್ಬರು ವಹಿಸಿಕೊಂಡು ಅವರನ್ನು ಮನೆಯಿಂದ ಹೊರಗೆ ಕಳುಹಿಸಿ. ಮನಸ್ಸು ತೀರಾ ಕುಗ್ಗಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬಹುದು, ಅದು ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ. ಅದು ರೋಗಿಗಳಿಗೆ ಮಾತ್ರ ಇರುವುದಲ್ಲ.

ಸರ್ಕಾರದ ಸೌಲಭ್ಯಗಳನ್ನೂ ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಪಾರ್ಕಿನ್ಸನ್ ಸೇರಿದೆ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಅಂಗವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣಪತ್ರ ಬಂದರೆ ಹಲವು ಸೌಲಭ್ಯಗಳಿಗೆ ಅರ್ಹತೆ ದೊರೆಯುತ್ತದೆ. ತಪಾಸಣೆಯ ದಿನ ಮಾತ್ರೆಯ ಬಲ ಚೆನ್ನಾಗಿರುವ ಹೊತ್ತಿನಲ್ಲಿ ಮಾತ್ರ ನೋಡಿದರೆ ನಿಜವಾದ ತೊಂದರೆ ತಿಳಿಯುವುದಿಲ್ಲ, ಆದ್ದರಿಂದ ನೀವು ಬರೆಯುತ್ತಿರುವ ಆ ಹಾಳೆಯನ್ನೇ ಅಲ್ಲಿಗೂ ಒಯ್ಯಿರಿ.

ಉತ್ತರ 4: ನರವಿಭಾಗದ ವೈದ್ಯೆ (ಬೆಂಗಳೂರು)

ಮೈಸೂರಿನ ಅಮ್ಮನವರು ಬರೆದದ್ದೆಲ್ಲ ಸರಿಯಾಗಿದೆ. ಒಂದನ್ನು ಮಾತ್ರ ಸೇರಿಸುತ್ತೇನೆ. ಬೇರಾವುದೋ ಕಾರಣಕ್ಕೆ, ಉದಾಹರಣೆಗೆ ಜ್ವರಕ್ಕೋ ಮೂಳೆ ಮುರಿತಕ್ಕೋ, ಆಸ್ಪತ್ರೆಗೆ ಸೇರಿಸಿದಾಗ ಪಾರ್ಕಿನ್ಸನ್ ಮಾತ್ರೆಗಳು ಹಠಾತ್ತಾಗಿ ನಿಲ್ಲದಂತೆ ನೋಡಿಕೊಳ್ಳಿ. ಥಟ್ಟನೆ ನಿಂತರೆ ತೀವ್ರ ಜ್ವರ, ಮೈ ಬಿಗಿತ, ಪ್ರಜ್ಞೆ ಮಸುಕಾಗುವಿಕೆಯಂಥ ಪ್ರಾಣಾಪಾಯದ ಸ್ಥಿತಿ ಬರಬಹುದು. ಬಾಯಿಯಿಂದ ನುಂಗಲಾಗದಿದ್ದರೆ ಮೂಗಿನ ನಳಿಕೆಯ ಮೂಲಕ ಕೊಡಲು ಸಾಧ್ಯವಿದೆ ಎಂದು ಅಲ್ಲಿನ ವೈದ್ಯರಿಗೆ ನೆನಪಿಸಿ. ಮಾತ್ರೆಗಳ ವೇಳಾಪಟ್ಟಿಯ ಒಂದು ಪ್ರತಿಯನ್ನು ಆಸ್ಪತ್ರೆಯ ಕಡತಕ್ಕೆ ಲಗತ್ತಿಸಲು ಕೇಳಿ. ಡಿಬಿಎಸ್ ಬಗ್ಗೆ ನಿರ್ಧರಿಸುವ ಮೊದಲು, ಮಧ್ಯಾಹ್ನದ ಮಾತ್ರೆಯನ್ನು ಊಟದಿಂದ ಬೇರ್ಪಡಿಸಿ, ಔಷಧವನ್ನು ಮರುಹೊಂದಿಸಿ, ಒಂದೆರಡು ತಿಂಗಳು ನೋಡಿ. ಅದಾದ ಮೇಲೂ ದಿನದ ಹೆಚ್ಚು ಹೊತ್ತು ಬಿಗಿತ ಅಥವಾ ಓಲಾಟದಲ್ಲಿಯೇ ಕಳೆಯುತ್ತಿದ್ದರೆ, ತಡಮಾಡದೆ ಡಿಬಿಎಸ್ ಮಾಡುವ ಕೇಂದ್ರವೊಂದರಲ್ಲಿ ಅರ್ಹತೆಯ ಪರೀಕ್ಷೆ ಮಾಡಿಸಿ. ಪರೀಕ್ಷೆ ಮಾಡಿಸಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಗೆ ಒಪ್ಪಿದಂತೆ ಆಗುವುದಿಲ್ಲ.